ಹಣೆಯ ಹಿಂದಿನ ಮೆದುಳು ನೆನಪಿನ ಪೆಟ್ಟಿಗೆಯಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಬಂದ ಬರಹವೊಂದು ಹಣೆಯ ಹಿಂದಿರುವ ಫ್ರಾಂಟಲ್ ಕಾರ್ಟೆಕ್ಸ್ ಎಂಬ ಮೆದುಳಿನ ಹೊರಪದರದ ಭಾಗವನ್ನು ‘ನೆನಪುಗಳ ಪೆಟ್ಟಿಗೆ’ ಎಂದು ಕರೆದಿತ್ತು. ದಾವಣಗೆರೆಯಲ್ಲಿ 31 ವರ್ಷ ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನಾನೂ ಅದನ್ನೇ ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆದ್ದರಿಂದ ಲೇಖಕರನ್ನು ದೂರುವ ಹಕ್ಕು ನನಗಿಲ್ಲ. ಆದರೆ ಆ ಮಾತು ತಪ್ಪು. ಅದು ತಪ್ಪೆಂಬುದನ್ನು ಪೆಟ್ರಿಷಿಯಾ ಗೋಲ್ಡ್‌ಮನ್-ರಾಕಿಶ್ ಎಂಬ ಅಮೆರಿಕದ ವಿಜ್ಞಾನಿ ತಮ್ಮ ವೃತ್ತಿಜೀವನದ ಬಹುಪಾಲನ್ನು ಸವೆಸಿ ತೋರಿಸಿಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ಆ ತಪ್ಪಿಗೆ ಒಂದು ಬೆಲೆಯೂ ತೆರಬೇಕಾಯಿತಾದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೆ ಮನ್ನಿಸಬೇಕು.

ನನ್ನ ತಂಗಿಯ ಮಗ ನಮ್ಮೂರಿನ ಒಂದು ಬೆಣ್ಣೆದೋಸೆ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಲ್ಲುತ್ತಿದ್ದ. ‘ಎರಡು ಬೆಣ್ಣೆ, ಒಂದು ಓಪನ್, ಒಂದು ಖಾಲಿ, ಪಾರ್ಸೆಲ್ ಮೂರು’ ಎಂದು ಸಪ್ಲೈಯರ್ ಕೂಗಿದರೆ ತಿರುಗಿಯೂ ನೋಡದೆ ಹಿಟ್ಟು ಹುಯ್ಯುತ್ತಿದ್ದ. ನಡುವೆ ಇನ್ನೊಂದು ಮೇಜಿನ ಕೂಗು ಬಂದರೆ ಅದನ್ನೂ ಹಿಂದಿನದರ ಬಾಲಕ್ಕೆ ಪೋಣಿಸಿಕೊಂಡು, ಯಾವ ತಟ್ಟೆಗೆ ಯಾವುದು ಎಂಬುದನ್ನು ತಪ್ಪದೆ ಎತ್ತಿ ಹಾಕುತ್ತಿದ್ದ. ಮೂರು ವರ್ಷದ ಹಿಂದೆ ಹರಿಹರದಿಂದ ಬೈಕಿನಲ್ಲಿ ಬರುವಾಗ ಬಿದ್ದು ಹಣೆಗೆ ಪೆಟ್ಟಾಯಿತು. ಹೆಲ್ಮೆಟ್ ಪೆಟ್ರೋಲ್ ಟ್ಯಾಂಕಿನ ಮೇಲಿತ್ತು. ಎರಡು ತಿಂಗಳಲ್ಲಿ ಎದ್ದು ಓಡಾಡಿದ, ಒಂದನೇ ತರಗತಿಯ ಮೇಷ್ಟರ ಹೆಸರನ್ನೂ, ಅವರಪ್ಪ ಗಿರಣಿಯ ಕೆಲಸ ಬಿಟ್ಟು ಬಂದ ದಿನದ ಗಲಾಟೆಯನ್ನೂ ಒಂದಕ್ಷರ ಬಿಡದೆ ಹೇಳಿದ. ನೆನಪಿಗೇನೂ ಆಗಿಲ್ಲವೆಂದು ನಾವೆಲ್ಲ ಸಮಾಧಾನಪಟ್ಟೆವು. ಆದರೆ ಕಾವಲಿಯ ಮುಂದೆ ನಿಂತರೆ, ಮೊದಲ ದೋಸೆಗೆ ಬೆಣ್ಣೆ ಹಾಕುವಷ್ಟರಲ್ಲಿ ಎರಡನೆಯದು ಯಾವುದೆಂಬುದು ಅವನ ತಲೆಯಿಂದ ಜಾರಿಹೋಗುತ್ತಿತ್ತು. ಹೋಟೆಲಿನವರು ಸೋಮಾರಿ ಎಂದರು, ನೆಂಟರು ಸೊಕ್ಕು ಎಂದರು, ಕುಡಿಯುತ್ತಾನೆಂಬ ಮಾತೂ ಹಬ್ಬಿತು. ಹಳೆಯದೆಲ್ಲ ನೆನಪಿರುವವನಿಗೆ ಅರೆನಿಮಿಷದ ಹಿಂದಿನದು ಹೇಗೆ ಮರೆಯುತ್ತದೆ, ಇದು ನಾಟಕ ಎಂದು ನಾನೇ ಒಮ್ಮೆ ಗದರಿಸಿದ್ದೇನೆ.

ಪೆಟ್ಟಿಗೆಯ ಹೋಲಿಕೆ ಕೆಡುಕು ಮಾಡುವುದು ಇಲ್ಲಿಯೇ. ಪೆಟ್ಟಿಗೆ ಒಡೆದಿದ್ದರೆ ಒಳಗಿದ್ದದ್ದೆಲ್ಲ ಹೋಗಬೇಕಿತ್ತಲ್ಲ ಎಂದು ಮನಸ್ಸು ತರ್ಕ ಮಾಡುತ್ತದೆ. ಆದರೆ 1930ರ ದಶಕದಲ್ಲಿಯೇ ಯೇಲ್ ವಿಶ್ವವಿದ್ಯಾಲಯದಲ್ಲಿ ಕಾರ್ಲೈಲ್ ಜೇಕಬ್‌ಸನ್ ಎಂಬುವರು ಒಂದು ಸರಳ ಪರೀಕ್ಷೆ ಮಾಡಿದ್ದರು. ಎರಡು ಬಟ್ಟಲುಗಳಲ್ಲಿ ಒಂದರ ಕೆಳಗೆ ಕೋತಿಯ ಕಣ್ಣೆದುರೇ ತಿಂಡಿ ಇಟ್ಟು, ನಡುವೆ ಪರದೆ ಇಳಿಸಿ, ಕೆಲವು ಸೆಕೆಂಡು ಬಿಟ್ಟು ಪರದೆ ಎತ್ತುವುದು. ಆರೋಗ್ಯವಂತ ಕೋತಿ ನೇರವಾಗಿ ಸರಿಯಾದ ಬಟ್ಟಲಿಗೆ ಕೈ ಹಾಕುತ್ತದೆ. ಎರಡೂ ಕಡೆಯ ಫ್ರಾಂಟಲ್ ಭಾಗಕ್ಕೆ ಹಾನಿಯಾದ ಕೋತಿ, ಬೇರೆ ಕಲಿತದ್ದನ್ನು ಮರೆಯದಿದ್ದರೂ, ಈ ಕೆಲವೇ ಸೆಕೆಂಡುಗಳ ಅಂತರವನ್ನು ದಾಟಲಾರದೆ ತಡವರಿಸುತ್ತದೆ. ಪೋರ್ಚುಗಲ್‌ನ ವೈದ್ಯ ಎಗಾಸ್ ಮೊನಿಸ್ ಮನೋರೋಗಿಗಳ ಮೆದುಳಿನ ಇದೇ ಭಾಗದ ನರತಂತುಗಳನ್ನು ಕತ್ತರಿಸತೊಡಗಿದ್ದು 1935ರಲ್ಲಿ, ಅದಕ್ಕೆ ನೊಬೆಲ್ ಬಂದದ್ದು 1949ರಲ್ಲಿ. ಕತ್ತರಿಸಿದ ಮೇಲೆ ಮನುಷ್ಯ ಏನನ್ನು ಕಳೆದುಕೊಳ್ಳುತ್ತಾನೆಂದು ಸಾವಧಾನದಿಂದ ಕೇಳುವುದಕ್ಕೆ ವಿಜ್ಞಾನ ಇನ್ನೂ ಬಹಳ ಕಾಲ ತೆಗೆದುಕೊಂಡಿತು ಎಂಬುದು ನನ್ನ ಅಭಿಪ್ರಾಯ.

1937ರಲ್ಲಿ ಹುಟ್ಟಿದ ಗೋಲ್ಡ್‌ಮನ್-ರಾಕಿಶ್ 1965ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸೇರಿ, 1979ರಲ್ಲಿ ಯೇಲ್‌ಗೆ ಹೋದವರು. ಫ್ರಾಂಟಲ್ ಕಾರ್ಟೆಕ್ಸಿನ ಕೆಲಸವೇನೆಂಬುದು ಅಳೆದು ನೋಡಲಾಗದ ವಿಷಯವೆಂದು ಹಲವರು ಕೈಬಿಟ್ಟಿದ್ದ ಕಾಲದಲ್ಲಿ ಅವರು ಅದೇ ಹಳೆಯ ಪರದೆಯ ಆಟವನ್ನು ಹಿಡಿದು, ಆ ಕೆಲವು ಸೆಕೆಂಡುಗಳಲ್ಲಿ ನರಕೋಶಗಳು ಏನು ಮಾಡುತ್ತಿರುತ್ತವೆ ಎಂದು ಕೇಳುತ್ತ ಹೋದರು. ಅಂತರದ ಉದ್ದಕ್ಕೂ ಚುರುಕಾಗಿರುವ ನರಕೋಶಗಳನ್ನು ಹೋವಾಕಿನ್ ಫಸ್ಟರ್ ಮತ್ತು ಜಪಾನಿನ ಕುಬೋಟ 1971ರಲ್ಲಿಯೇ ಕಂಡಿದ್ದರು. ಗೋಲ್ಡ್‌ಮನ್-ರಾಕಿಶ್ ತಮ್ಮ ಸಹೋದ್ಯೋಗಿಗಳಾದ ಫುನಹಾಶಿ ಮತ್ತು ಬ್ರೂಸ್ ಜೊತೆ 1989ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋತಿ ನಡುವಿನ ಚುಕ್ಕೆಯನ್ನೇ ದಿಟ್ಟಿಸಬೇಕು. ಸುತ್ತಲಿನ ಎಂಟು ಜಾಗಗಳಲ್ಲಿ ಒಂದರಲ್ಲಿ ಬೆಳಕು ಮಿನುಗಿ ಆರುತ್ತದೆ. ಕೆಲವು ಸೆಕೆಂಡುಗಳ ನಂತರ ನಡುವಿನ ಚುಕ್ಕೆಯೂ ಮಾಯವಾದಾಗ ಬೆಳಕು ಮಿನುಗಿದ್ದ ಕಡೆಗೆ ಕಣ್ಣು ಹೊರಳಿಸಬೇಕು. ಆ ಖಾಲಿ ಸೆಕೆಂಡುಗಳಲ್ಲಿ, ಎದುರಿಗೆ ಏನೂ ಇಲ್ಲದಿದ್ದರೂ, ಒಂದೊಂದು ನರಕೋಶವು ತನ್ನದೇ ದಿಕ್ಕಿಗಾಗಿ ಎಡೆಬಿಡದೆ ಮಿಡಿಯುತ್ತಿತ್ತು. ಆ ಮಿಡಿತ ನಡುವೆ ಸೋತ ಸಲ ಕೋತಿಯ ಕಣ್ಣು ತಪ್ಪು ಕಡೆಗೆ ಹೋಗುತ್ತಿತ್ತು. ಅಂದರೆ ಇದು ಕೂಡಿಡುವ ಜಾಗವಲ್ಲ, ಕಣ್ಣಿಗೆ ಕಾಣದ್ದನ್ನು ಕೆಲಸ ಮುಗಿಯುವವರೆಗೆ ಬಿಡದೆ ಹಿಡಿದಿರುವ ಮುಷ್ಟಿ. ಇದಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ.

ಶಾಶ್ವತ ನೆನಪಿನ ದಾರಿ ಬೇರೆಯದು. 1953ರಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಮೆದುಳಿನ ಒಳಗಿರುವ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ತೆಗೆಸಿಕೊಂಡ ರೋಗಿಯೊಬ್ಬರನ್ನು ಕೆನಡಾದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಪರೀಕ್ಷಿಸಿದಾಗ ಕಂಡದ್ದು ನನ್ನ ಸೋದರಳಿಯನ ಸ್ಥಿತಿಗೆ ತೀರ ತದ್ವಿರುದ್ಧ: ಗಮನ ಚದುರದಿದ್ದರೆ ಆತ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಹಿಡಿದಿಡಬಲ್ಲರು, ಆದರೆ ಹೊಸದೇನೂ ಉಳಿಯುತ್ತಿರಲಿಲ್ಲ. ಅದೇ ಮಿಲ್ನರ್ 1963ರಲ್ಲಿ ಫ್ರಾಂಟಲ್ ಭಾಗ ತೆಗೆಸಿಕೊಂಡವರಿಗೆ ಇಸ್ಪೀಟಿನಂಥ ಎಲೆಗಳನ್ನು ಬಣ್ಣದ ಪ್ರಕಾರ ವಿಂಗಡಿಸಲು ಬಿಟ್ಟು, ಸದ್ದಿಲ್ಲದೆ ನಿಯಮವನ್ನು ಆಕಾರಕ್ಕೆ ಬದಲಿಸಿದರು. ‘ತಪ್ಪು’ ಎಂದು ಎಷ್ಟು ಹೇಳಿದರೂ ಆ ರೋಗಿಗಳು ಹಳೆಯ ನಿಯಮವನ್ನೇ ಮುಂದುವರಿಸಿದರು. ಇದನ್ನು ಓದಿದ ಮೇಲೆ ನಮ್ಮ ಹುಡುಗನ ವಿಷಯದಲ್ಲಿ ‘ಹಠ’ ಎಂಬ ಮಾತನ್ನು ನಾನು ಬಿಟ್ಟೆ.

ಗದರಿಕೆಯನ್ನು ಬಿಡಿಸಿದ್ದು ಗೋಲ್ಡ್‌ಮನ್-ರಾಕಿಶ್ ಅವರ ಇನ್ನೊಂದು ಕೆಲಸ. ಬ್ರೊಜೊಸ್ಕಿ ಮೊದಲಾದವರೊಡನೆ 1979ರಲ್ಲಿ ಅವರು ಕೋತಿಗಳ ಈ ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಮಾತ್ರ ಬರಿದುಮಾಡಿ ನೋಡಿದರು. ಕಾರ್ಟೆಕ್ಸ್ ಅಲ್ಲೇ ಇದ್ದರೂ, ಅದನ್ನೇ ಕತ್ತರಿಸಿ ತೆಗೆದಷ್ಟು ಮಟ್ಟಿಗೆ ಕೋತಿ ಪರೀಕ್ಷೆಯಲ್ಲಿ ಸೋತಿತು. ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾದಂಥ ಔಷಧ ಕೊಟ್ಟಾಗ ಚೇತರಿಸಿಕೊಂಡಿತು. ಆದರೆ ಹೆಚ್ಚು ಡೋಪಮಿನ್ ಒಳ್ಳೆಯದೆಂದೂ ಅಲ್ಲ. ಕಾವಲಿಯ ಉರಿಯಂತೆ ಕಡಿಮೆಯಾದರೆ ಬೇಯುವುದಿಲ್ಲ, ಜಾಸ್ತಿಯಾದರೆ ಸೀಯುತ್ತದೆ. ಹೆದರಿಕೆ, ಒತ್ತಡ ಹೆಚ್ಚಾದಾಗ ಆ ರಾಸಾಯನಿಕ ಉಕ್ಕಿ ಹಿಡಿತವೇ ತಪ್ಪುತ್ತದೆಂಬುದನ್ನು ಅವರೂ ಯೇಲ್‌ನ ಏಮಿ ಆರ್ನ್‌ಸ್ಟನ್ ಅವರೂ ಮುಂದೆ ತೋರಿಸಿದರು. ಹಾಗಾದರೆ ತಡವರಿಸುತ್ತಿದ್ದವನ ಮೇಲೆ ನಾವು ಕೂಗಾಡಿದಾಗಲೆಲ್ಲ ಅವನ ಕೈಯಲ್ಲಿದ್ದ ಒಂದು ದೋಸೆಯ ಲೆಕ್ಕವನ್ನೂ ನಾವೇ ಕಿತ್ತುಕೊಂಡಿದ್ದೆವು.

ಈ ತಿಳಿವಳಿಕೆಯ ಹಿಂದೆ ಮೂಕಪ್ರಾಣಿಗಳ ನೋವಿದೆ ಎಂಬುದನ್ನು ನಾನು ಮರೆತಿಲ್ಲ. ಅದರ ಬಗ್ಗೆ ನನ್ನ ಮನಸ್ಸು ಇಂದಿಗೂ ಪೂರ್ತಿ ತಿಳಿಯಾಗಿಲ್ಲ. ನರಕೋಶಗಳ ಆ ಮಿಡಿತ ಎಡೆಬಿಡದ್ದಲ್ಲ, ಬಿಟ್ಟು ಬಿಟ್ಟು ಬರುವಂಥದ್ದು ಎಂದು ಅಮೆರಿಕದ ನರವಿಜ್ಞಾನಿ ಅರ್ಲ್ ಮಿಲ್ಲರ್ ಮುಂತಾದವರು ಈಚೆಗೆ ವಾದಿಸುತ್ತಿರುವುದೂ ನಿಜ. ವಾದ ನಡೆಯಲಿ. ಮುಷ್ಟಿ ಹೇಗೆ ಬಿಗಿಯುತ್ತದೆ ಎಂಬುದು ಆ ಚರ್ಚೆಯ ವಿಷಯವೇ ಹೊರತು, ಮುಷ್ಟಿ ಪೆಟ್ಟಿಗೆಯಾಗಿಬಿಡುವುದಿಲ್ಲ.

ಗೋಲ್ಡ್‌ಮನ್-ರಾಕಿಶ್ 2003ರ ಜುಲೈ ಕೊನೆಯಲ್ಲಿ, ರಸ್ತೆ ದಾಟುವಾಗ ಕಾರು ಡಿಕ್ಕಿ ಹೊಡೆದು, ಎರಡು ದಿನಗಳ ಬಳಿಕ ತೀರಿಕೊಂಡರು. ಆಗ ಅವರಿಗೆ 66 ವರ್ಷ.

ದಯವಿಟ್ಟು ವಿಜ್ಞಾನ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. ಹೆದ್ದಾರಿಯ ಪಕ್ಕದ ಈ ಊರುಗಳಲ್ಲಿ ಬೈಕಿನಿಂದ ಬಿದ್ದು, ಎದ್ದು, ‘ಎಲ್ಲ ಸರಿಯಾಗಿದೆ’ ಎನ್ನಿಸಿಕೊಂಡು ಮನೆಯವರಿಂದ ಬೈಸಿಕೊಳ್ಳುತ್ತಿರುವವರು ನಮ್ಮ ಹುಡುಗನೊಬ್ಬನೇ ಇರಲಾರ. ಅವನೀಗ ಬೇರೊಂದು ಚಿಕ್ಕ ಹೋಟೆಲಿನಲ್ಲಿದ್ದಾನೆ. ಅಲ್ಲಿ ಕೂಗುವ ಪದ್ಧತಿಯಿಲ್ಲ. ಸಪ್ಲೈಯರ್ ಚೀಟಿ ಬರೆದು ಕಾವಲಿಯ ಮೇಲಿನ ತಂತಿಗೆ ಸಿಕ್ಕಿಸುತ್ತಾನೆ, ಇವನು ದೋಸೆ ಎತ್ತಿದ ಮೇಲೆ ಆ ಚೀಟಿಯನ್ನು ಕಿತ್ತು ಒಲೆಗೆ ಹಾಕಿ ಮುಂದಿನದನ್ನು ಓದುತ್ತಾನೆ.

ಹುಡುಗನ ಗುರುತು ಸಿಗಬಾರದಾದ್ದರಿಂದ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ಕೋರುತ್ತೇನೆ.

ಇಂತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ದಾವಣಗೆರೆ