ಕಿಡ್ನಿ ದಾನಿಯನ್ನು ಹುಡುಕಲು ಹೊರಟ ಮಗಳಿಗೊಂದು ಪತ್ರ

ಮಗಳೇ,

ಅಳಿಯಂದಿರ ಜಿಎಫ್‌ಆರ್, ಅಂದರೆ ಕಿಡ್ನಿಗಳು ರಕ್ತ ಸೋಸುವ ವೇಗದ ಅಳತೆ, 14ಕ್ಕೆ ಇಳಿದಿದೆ, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ ಅಂದೆಯಲ್ಲ, ಹುಡುಕಾಟಕ್ಕೆ ಇದೇ ಸರಿಯಾದ ಹೊತ್ತು. ಅದು 20ಕ್ಕೆ ಇಳಿದಾಗಲೇ ಕಸಿಯ ಮಾತು ಆರಂಭವಾಗಬೇಕು. ದಾನಿಯ ತಪಾಸಣೆಗೇ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ‘ಡಯಾಲಿಸಿಸ್ ಶುರುವಾಗಲಿ, ಆಮೇಲೆ ನೋಡೋಣ’ ಎಂದು ಕೂತರೆ, ಡಯಾಲಿಸಿಸ್ ಇಲ್ಲದೆಯೇ ನೇರವಾಗಿ ಕಸಿ ಮಾಡಿಸಿಕೊಳ್ಳುವ ಅವಕಾಶ ಕೈತಪ್ಪುತ್ತದೆ. ಬದುಕಿರುವವರು ಕೊಟ್ಟ ಕಿಡ್ನಿ ಸುಮಾರು 15ರಿಂದ 20 ವರ್ಷ ಕೆಲಸ ಮಾಡುತ್ತದೆ. ಮೃತರಿಂದ ಪಡೆದದ್ದು ಸಾಮಾನ್ಯವಾಗಿ ಅದಕ್ಕಿಂತ ಕೆಲವು ವರ್ಷ ಕಡಿಮೆ.

‘ಕಿಡ್ನಿ ಕೊಡಿ ಅಂತ ಕೇಳೋಕೆ ಬಾಯಾದರೂ ಹೇಗೆ ಬರುತ್ತಮ್ಮಾ’ ಎಂದಿದ್ದೆ. ಬರಬೇಕಾಗಿಯೇ ಇಲ್ಲ. ನೀನು ಯಾರನ್ನೂ ಕೇಳಬೇಡ, ವಿಷಯ ತಿಳಿಸು ಅಷ್ಟೆ. ಎದುರಿಗೆ ನಿಂತು ಕೇಳಿದರೆ ಅವರಿಗೆ ಹೂಂ ಅಥವಾ ಊಹೂಂ, ಎರಡೇ ದಾರಿ. ಊಹೂಂ ಅಂದವರು ಆಮೇಲೆ ಮುಖ ತಪ್ಪಿಸಿ ಓಡಾಡುತ್ತಾರೆ. ಮುಲಾಜಿಗೆ ಹೂಂ ಅಂದವರು ಸ್ಕ್ಯಾನಿಂಗ್‌ವರೆಗೆ ಬಂದು ಹಿಂದೆ ಸರಿಯುತ್ತಾರೆ, ಅಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ. ಕಾಯಿಲೆಯವರೇ ಬಾಯಿಬಿಟ್ಟು ಹೇಳುವುದೂ ಕಷ್ಟ. ಮಾತಾಡುವ ಕೆಲಸ ನಿನ್ನದಾಗಲಿ, ಇಲ್ಲವೇ ಅವರ ಆಪ್ತ ಸ್ನೇಹಿತರೊಬ್ಬರದ್ದು.

ಹೀಗೆ ಬರೆದು ಕಳಿಸಬಹುದು: ‘ಇವರ ಕಿಡ್ನಿಗಳು ಶೇಕಡಾ 14ರಷ್ಟು ಮಾತ್ರ ಕೆಲಸ ಮಾಡುತ್ತಿವೆ. ಕಸಿಯೇ ಒಳ್ಳೆಯ ದಾರಿ ಎಂದು ವೈದ್ಯರು ಹೇಳಿದ್ದಾರೆ. ಆರೋಗ್ಯವಾಗಿರುವವರು ಒಂದು ಕಿಡ್ನಿ ಕೊಟ್ಟು ಇನ್ನೊಂದರಲ್ಲಿ ಬದುಕಬಹುದು. ವಿಚಾರಿಸಬೇಕು ಅನ್ನಿಸಿದರೆ ನಮಗಲ್ಲ, ನೇರವಾಗಿ ಆಸ್ಪತ್ರೆಯಲ್ಲಿ ಕಸಿಯ ಏರ್ಪಾಟು ನೋಡಿಕೊಳ್ಳುವ ಕೋಆರ್ಡಿನೇಟರ್‌ಗೆ ಫೋನ್ ಮಾಡಿ. ನೀವು ಫೋನ್ ಮಾಡಿದ್ದನ್ನು ಅವರು ನಮಗೆ ಹೇಳುವುದಿಲ್ಲ. ಇದನ್ನು ಇನ್ನೊಬ್ಬರಿಗೆ ದಾಟಿಸಿದರೂ ಉಪಕಾರವೇ.’ ಜೊತೆಗೆ ಅವರ ರಕ್ತದ ಗುಂಪು ಹಾಕು. ಆದರೆ ‘ಅದೇ ಗುಂಪಿನವರು ಬೇಕು’ ಅಂತ ಮಾತ್ರ ಬರೆಯಬೇಡ, ಯಾಕೆಂದು ಮುಂದೆ ಹೇಳುತ್ತೇನೆ. ಕಳಿಸುವ ಮುನ್ನ ಕೋಆರ್ಡಿನೇಟರ್ ಹತ್ತಿರ ಎರಡು ವಿಷಯ ಖಚಿತಪಡಿಸಿಕೋ: ದಾನಿಯ ಗುಟ್ಟನ್ನು ಅವರು ಹೇಗೆ ಕಾಪಾಡುತ್ತಾರೆ, ಮತ್ತು ಅಲ್ಲಿನ ಕಾನೂನಿನಲ್ಲಿ ಯಾರು ಕೊಡಬಹುದು. ಕೆಲವು ದೇಶಗಳಲ್ಲಿ ಸ್ನೇಹಿತರು ಸುಲಭವಾಗಿ ಕೊಡಬಹುದು, ಕೆಲವು ಕಡೆ ಹತ್ತಿರದ ಸಂಬಂಧಿಕರಲ್ಲದವರಿಗೆ ಬೇರೆ ಅನುಮತಿ ಬೇಕು.

ಯಾರೇ ಮುಂದೆ ಬಂದರೂ ಅವರಿಗೆ ಈ ಮಾತು ಗೊತ್ತಿರಲಿ: ಮನಸ್ಸು ಬದಲಾದರೆ ಶಸ್ತ್ರಚಿಕಿತ್ಸೆಯ ದಿನವೂ ಬೇಡ ಅನ್ನಬಹುದು. ಹಾಗೆ ಅಂದವರ ಕಾರಣವನ್ನು ಒಳ್ಳೆಯ ಆಸ್ಪತ್ರೆಗಳು ಹೊರಗೆ ಬಿಡುವುದಿಲ್ಲ, ‘ಇವರು ದಾನಕ್ಕೆ ಸೂಕ್ತರಲ್ಲ’ ಎಂದಷ್ಟೇ ಹೇಳುತ್ತವೆ. ನಿನ್ನ ಮೈದುನನ ಬಗ್ಗೆ ಹಾಗೆ ಹೇಳಿ ಕಳಿಸಿದರೆ ಕೆದಕಿ ಕೇಳಬೇಡ. ಬಾಗಿಲು ಹೀಗೆ ತೆರೆದಿದ್ದರೇ ಜನ ಧೈರ್ಯವಾಗಿ ಒಳಗೆ ಬರುವುದು.

ಇನ್ನು ಹೊಂದಾಣಿಕೆ. ರಕ್ತದ ಗುಂಪಿನಲ್ಲಿ ಓ ಇರುವವರು ಎಲ್ಲರಿಗೂ ಕೊಡಬಹುದು, ಎಬಿ ಇರುವವರು ಎಲ್ಲರಿಂದಲೂ ಪಡೆಯಬಹುದು. ಪಾಸಿಟಿವ್, ನೆಗೆಟಿವ್ ಇಲ್ಲಿ ಲೆಕ್ಕಕ್ಕಿಲ್ಲ, ಇದು ಗೊತ್ತಿಲ್ಲದೆ ಎಷ್ಟೋ ಜನ ತಾವಾಗಿಯೇ ಹಿಂದೆ ಸರಿಯುತ್ತಾರೆ. ಆಮೇಲೆ ಟಿಶ್ಯೂ ಟೈಪಿಂಗ್, ಅಂದರೆ ಇಬ್ಬರ ಜೀವಕೋಶಗಳ ಮೇಲಿನ ಗುರುತುಗಳನ್ನು ಹೋಲಿಸಿ ನೋಡುವುದು. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು. ಈಗಿನ ಔಷಧಗಳಿಂದಾಗಿ ಸ್ವಲ್ಪವೂ ಹೊಂದದ ಗಂಡ ಹೆಂಡಿರ ನಡುವಿನ ಕಸಿಯೂ ಚೆನ್ನಾಗಿಯೇ ನಡೆಯುತ್ತದೆ. ನಿಜವಾದ ಅಡ್ಡಿ ಕ್ರಾಸ್ ಮ್ಯಾಚ್‌ನದು. ಅಳಿಯಂದಿರ ರಕ್ತದ ಸೀರಮ್ಮನ್ನು ದಾನಿಯ ಜೀವಕೋಶಗಳೊಂದಿಗೆ ಬೆರೆಸಿ, ಹೊರಗಿನದನ್ನು ಎದುರಿಸಲು ದೇಹ ತಯಾರಿಸುವ ಪ್ರತಿಕಾಯಗಳು ದಾಳಿ ಮಾಡುತ್ತವೆಯೇ ಎಂದು ನೋಡುತ್ತಾರೆ. ಇಲ್ಲಿ ಪಾಸಿಟಿವ್ ಅಂದರೆ ಕೆಟ್ಟ ಸುದ್ದಿ.

ಆ ಪ್ರತಿಕಾಯಗಳು ಹುಟ್ಟುವುದು ಗರ್ಭಧಾರಣೆಯಿಂದ, ಹಿಂದಿನ ಕಸಿಯಿಂದ, ರಕ್ತ ಹಾಕಿಸಿಕೊಂಡಿದ್ದರಿಂದ. ಕಿಡ್ನಿ ಸೋತವರಿಗೆ ಹಿಮೋಗ್ಲೋಬಿನ್ ಇಳಿಯುತ್ತಲೇ ಇರುತ್ತದೆ, ‘ಒಂದು ಬಾಟಲ್ ರಕ್ತ ಕೊಟ್ಟುಬಿಡೋಣ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಪ್ರಾಣಕ್ಕೆ ಅಪಾಯವಿದ್ದರೆ ಬೇರೆ ಮಾತು. ಇಲ್ಲದಿದ್ದರೆ ‘ಇವರು ಕಸಿಗೆ ಕಾಯುತ್ತಿದ್ದಾರೆ, ಕೆಂಪು ರಕ್ತಕಣ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್ನು, ಕಬ್ಬಿಣಾಂಶದಿಂದ ಸರಿಮಾಡಲು ಆಗುವುದಿಲ್ಲವೇ’ ಎಂದು ಕೇಳು. ಕೊಡಲೇಬೇಕಾಗಿ ಬಂದರೆ ಬಿಳಿ ರಕ್ತಕಣ ಸೋಸಿದ ರಕ್ತ ಕೇಳು, ಕೊಟ್ಟ ದಿನಾಂಕವನ್ನು ಕಸಿ ತಂಡಕ್ಕೆ ತಿಳಿಸು.

ನಿನ್ನದು ಬಿ, ಅವರದ್ದು ಎ. ‘ಹಾಗಾದರೆ ನನ್ನಿಂದ ಆಗುವುದಿಲ್ಲ’ ಎಂದು ಬರೆದುಬಿಟ್ಟಿದ್ದೀಯ, ಅದು ತಪ್ಪು. ಎ ಗುಂಪಿನ ದಾನಿ, ಬಿ ಗುಂಪಿನ ರೋಗಿ ಇರುವ ಇನ್ನೊಂದು ಜೋಡಿ ಸಿಕ್ಕರೆ ಅದಲುಬದಲು ಮಾಡಿಕೊಳ್ಳಬಹುದು. 1986ರಲ್ಲಿ ಕಸಿ ತಜ್ಞ ಫೆಲಿಕ್ಸ್ ರಾಪಾಪೋರ್ಟ್ ಮುಂದಿಟ್ಟ ಯೋಚನೆ ಇದು, ಮೊದಲು ಮಾಡಿ ತೋರಿಸಿದ್ದು 1991ರಲ್ಲಿ ದಕ್ಷಿಣ ಕೊರಿಯಾದವರು. ಇಬ್ಬರು ದಾನಿಗಳ ಶಸ್ತ್ರಚಿಕಿತ್ಸೆಯನ್ನೂ ಸಾಮಾನ್ಯವಾಗಿ ಒಟ್ಟಿಗೇ ಆರಂಭಿಸುತ್ತಾರೆ, ತಮ್ಮವರಿಗೆ ಕಿಡ್ನಿ ಸಿಕ್ಕಿದ ಮೇಲೆ ಯಾರೂ ಕೈಕೊಡಬಾರದಲ್ಲ! ಪ್ರತಿಕಾಯಗಳನ್ನು ಪ್ಲಾಸ್ಮಾದಿಂದ ತೆಗೆದುಹಾಕಿ ಗುಂಪು ಹೊಂದದಿದ್ದರೂ ಕಸಿ ಮಾಡುವುದುಂಟು, ಆದರೆ ಸೋಂಕಿನ ಅಪಾಯ ಹೆಚ್ಚು. ಅದಲುಬದಲಿಗೆ ಜೋಡಿ ಸಿಗುವಂತಿದ್ದರೆ ನನ್ನ ಒಲವು ಅದರ ಕಡೆಗೇ.

ಕೊಡುವವಳು ನೀನೇ ಆಗಬಹುದಾದ್ದರಿಂದ ಲೆಕ್ಕ ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನದಂತೆ, ಕಿಡ್ನಿ ಕೊಟ್ಟ 10,000 ಜನರಲ್ಲಿ ಸುಮಾರು 3 ಮಂದಿ ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳೊಳಗೆ ಸತ್ತಿದ್ದರು. ಮುಂದೆ ಜೀವಮಾನದಲ್ಲಿ ತಮ್ಮದೇ ಕಿಡ್ನಿ ಕೈಕೊಡುವ ಸಂಭವ, ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, 10,000ದಲ್ಲಿ 90. ಅಷ್ಟೇ ಆರೋಗ್ಯವಿದ್ದು ಕೊಡದೇ ಇದ್ದವರಲ್ಲಿ 14. ಸಣ್ಣ ಅಪಾಯ, ಆದರೆ ಇಲ್ಲವೆನ್ನುವಂತಿಲ್ಲ. ಇನ್ನೊಂದು ಮಗು ಬೇಕೆಂದಿದ್ದರೆ ಇದನ್ನೂ ತಿಳಿದುಕೋ: ಕೆನಡಾದ ಅಧ್ಯಯನವೊಂದರಲ್ಲಿ ಗರ್ಭಿಣಿಯಾದಾಗ ರಕ್ತದೊತ್ತಡದ ತೊಂದರೆ ಕಂಡದ್ದು ಕಿಡ್ನಿ ಕೊಟ್ಟವರಲ್ಲಿ ನೂರಕ್ಕೆ 11, ಕೊಡದವರಲ್ಲಿ 5. ಕೊಟ್ಟವರು ಹೆರಬಾರದು ಎಂದೇನಲ್ಲ, ಆದರೆ ಯಾವುದು ಮೊದಲು ಎಂಬುದನ್ನು ನೀವಿಬ್ಬರೂ ಕೂತು ಮಾತಾಡಿಕೊಳ್ಳಿ.

ತಪಾಸಣೆಯಲ್ಲಿ ರಕ್ತದೊತ್ತಡ, ಸಕ್ಕರೆ, ಮೂತ್ರದಲ್ಲಿ ಪ್ರೋಟೀನ್, ಸೋಂಕುಗಳು, ಕ್ಯಾನ್ಸರ್, ಮನಃಸ್ಥಿತಿ ಎಲ್ಲವನ್ನೂ ನೋಡುತ್ತಾರೆ. ದಾನಿಯ ಜಿಎಫ್‌ಆರ್ 90 ಇದ್ದರೆ ಒಳ್ಳೆಯದು, 60ಕ್ಕಿಂತ ಕಡಿಮೆಯಿದ್ದರೆ ಆಗುವುದಿಲ್ಲ. ವಯಸ್ಸಾಯಿತೆಂದು ಯಾರನ್ನೂ ನೀನೇ ಹೊರಗಿಡಬೇಡ: 28 ವರ್ಷಕ್ಕೇ ಸಕ್ಕರೆ ಅಂಚಿನಲ್ಲಿರುವವರಿಗಿಂತ 60 ದಾಟಿದ ಗಟ್ಟಿಗರು ವಾಸಿ. ಕಿಡ್ನಿಯ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್, ಸಿಟಿ ಆಂಜಿಯೋಗ್ರಾಮ್, ಕೊನೆಗೆ ಬರುತ್ತದೆ, ಬಹಳ ಸಲ ಆಟ ಕೆಡುವುದೂ ಅಲ್ಲೇ. ಕಲ್ಲು ಕಾಣಬಹುದು, ಒಂದರ ಬದಲು ಮೂರು ರಕ್ತನಾಳ ಇರಬಹುದು. ಅಳಿಯಂದಿರ ಕಾಯಿಲೆ ವಂಶದಿಂದ ಬಂದದ್ದಾದರೆ, ಉದಾಹರಣೆಗೆ ಕಿಡ್ನಿ ತುಂಬ ನೀರುಗುಳ್ಳೆಗಳಾಗುವ ಬಗೆಯದ್ದಾದರೆ, ಅವರ ಒಡಹುಟ್ಟಿದವರಿಗೆ ಆ ಕಾಯಿಲೆಯ ಪರೀಕ್ಷೆಯೇ ಮೊದಲು ಆಗಬೇಕು. ಇದನ್ನು ಕೊನೆಗಿಟ್ಟು ಸಮಯ ಕಳೆದುಕೊಂಡವರಿದ್ದಾರೆ.

ತೆಗೆಯುವುದು ಹೆಚ್ಚಾಗಿ ಎಡಗಡೆಯದನ್ನು, ಅದರ ಅಭಿಧಮನಿ ಉದ್ದ, ಜೋಡಿಸಲು ಸುಲಭ. ಎರಡರಲ್ಲಿ ಒಂದು ಸ್ವಲ್ಪ ಸೊರಗಿದ್ದರೆ ಮಾತ್ರ ಚೆನ್ನಾಗಿರುವುದನ್ನು ದಾನಿಗೇ ಉಳಿಸುತ್ತಾರೆ. ಸಣ್ಣ ರಂಧ್ರಗಳ ಮೂಲಕ ಮಾಡುವುದರಿಂದ ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ಹೊಟ್ಟೆಗೆ ತುಂಬಿದ ಗಾಳಿಯಿಂದ ಭುಜ ನೋಯುತ್ತದೆ, ಗಾಬರಿಯಾಗಬೇಡ. ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಮೊದಲಿಗಿಂತ ಸ್ವಲ್ಪ ಮೇಲೇ ನಿಲ್ಲುತ್ತದೆ, ಅದೂ ಸಹಜ. ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳನ್ನು ಮಾತ್ರ ಮುಂದೆ ಮುಟ್ಟಬಾರದು. ವರ್ಷಕ್ಕೊಮ್ಮೆ ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರ ನೋಡಿಸಲೇಬೇಕು.

ಹಣ ಕೊಟ್ಟರೆ ಕೊಡುತ್ತೇವೆ ಎನ್ನುವವರು, ‘ಕೊಡಿಸುತ್ತೇವೆ’ ಎನ್ನುವ ದಲ್ಲಾಳಿಗಳು ನಿನ್ನ ಸಂದೇಶ ನೋಡಿ ಬಂದೇ ಬರುತ್ತಾರೆ. ಉತ್ತರವನ್ನೇ ಕೊಡಬೇಡ. ಹೆಚ್ಚು ಕಡಿಮೆ ಎಲ್ಲ ದೇಶಗಳಲ್ಲೂ ಅದು ಅಪರಾಧ.

ಒಬ್ಬರು ಸಿಕ್ಕರೆಂದು ಸಂದೇಶ ಹಂಚುವುದನ್ನು ನಿಲ್ಲಿಸಬೇಡ. ಕೊನೆಯ ಕ್ರಾಸ್ ಮ್ಯಾಚ್ ಶಸ್ತ್ರಚಿಕಿತ್ಸೆಗೆ ಕೆಲವೇ ದಿನ ಮುಂಚೆ ಮತ್ತೆ ಆಗುತ್ತದೆ, ಅಲ್ಲಿಯವರೆಗೆ ಯಾವುದೂ ಗಟ್ಟಿಯಲ್ಲ. ಸೋಮವಾರ ಕೋಆರ್ಡಿನೇಟರ್‌ಗೆ ಫೋನ್ ಮಾಡಿದಾಗ ಕೇಳು: ಒಂದೇ ಸಲಕ್ಕೆ ಎಷ್ಟು ದಾನಿಗಳನ್ನು ಪರೀಕ್ಷಿಸುತ್ತೀರಿ? ಅದಲುಬದಲಿನ ಪಟ್ಟಿ ಇದೆಯೇ? ದಾನಿಯ ಪರವಾಗಿಯೇ ಮಾತಾಡುವ ಬೇರೆ ವೈದ್ಯರು ಯಾರು? ಉತ್ತರ ಬರೆದಿಟ್ಟುಕೋ, ರಾತ್ರಿ ನನಗೆ ಓದಿ ಹೇಳು.

ನಿನ್ನ
ಅಮ್ಮ