ಅಪೂರ್ಣ ಬೇರೆ, ತ್ರುಟಿತ ಬೇರೆ

ಮಾನ್ಯ ಸಂಪಾದಕರೇ,

ಚಲನಚಿತ್ರ, ಧಾರಾವಾಹಿಗಳಲ್ಲಿ ಬರುವ ಅನ್ಯಗ್ರಹ ಜೀವಿಗಳ ಬಗ್ಗೆ ಅಭಿಮಾನಿಗಳೇ ಸೇರಿ ಬರೆಯುವ ವಿಕಿಗಳು ಹೊಸವೇನಲ್ಲ. ‘ಸ್ಟಾರ್ ಟ್ರೆಕ್’ಗೆ ಮೀಸಲಾದ ಮೆಮೊರಿ ಆಲ್ಫಾ 2003ರಲ್ಲಿ, ‘ಸ್ಟಾರ್ ವಾರ್ಸ್’ಗೆ ಮೀಸಲಾದ ವೂಕಿಪೀಡಿಯಾ 2005ರಲ್ಲಿ ಆರಂಭವಾದವು. ಅವನ್ನು ನೋಡಿ ಅಂಥ ಲೇಖನಗಳನ್ನು ಕನ್ನಡದಲ್ಲಿ ಬರೆಯಲು ಹೊರಟ ನಾಲ್ಕೈದು ವಿದ್ಯಾರ್ಥಿಗಳು ಭಾನುವಾರ ಮಧ್ಯಾಹ್ನ ಮಂಡ್ಯದ ನಮ್ಮ ಮನೆಯಲ್ಲಿ ಸೇರುತ್ತಾರೆ. ಭಾಷೆ ತಿದ್ದುವುದಷ್ಟೇ ನನ್ನ ಕೆಲಸ. ಆ ಜೀವಿಗಳ ಹೆಸರುಗಳಿಗೆ ನನ್ನ ನಾಲಿಗೆ ಇನ್ನೂ ಹೊರಳುವುದಿಲ್ಲ. ಆದರೂ ಯಾವ ಲೇಖನ ಅಪೂರ್ಣ ಎಂದು ತೀರ್ಮಾನಿಸುವಲ್ಲಿ ಅವರು ಹಿಡಿದಿರುವ ಕ್ರಮ ಸರಿಯಲ್ಲವೆಂದು ನನಗೆ ತೋರಿದೆ. ವಿಕಿ ಬರೆಯುವ ಇತರರಿಗೂ ಸಂಬಂಧಿಸಿದ ಮಾತಾದ್ದರಿಂದ ಈ ಪತ್ರ.

ಅವರ ಕ್ರಮ ಇಷ್ಟೇ: ಹತ್ತು ಸಾಲಿಗಿಂತ ಕಡಿಮೆಯಿದ್ದರೆ ಅದಕ್ಕೆ ‘ಚುಟುಕು’ ಎಂಬ ಪಟ್ಟಿ ಹಚ್ಚುವುದು. ಬೆಳೆಯಬೇಕಾದ ಪುಟ್ಟ ಲೇಖನಕ್ಕೆ ಕನ್ನಡ ವಿಕಿಪೀಡಿಯದಲ್ಲಿ ಇರುವ ಹೆಸರನ್ನೇ ಇವರೂ ಇಟ್ಟುಕೊಂಡಿದ್ದಾರೆ. (ದಿನಕರ ದೇಸಾಯಿಯವರನ್ನು ಓದಿ ಬೆಳೆದ ನನಗೆ ಚುಟುಕವೆಂದರೆ ನಾಲ್ಕೇ ಸಾಲಿನಲ್ಲಿ ಮುಗಿದ ಪೂರ್ಣ ಪದ್ಯ, ಅದು ಹಾಗಿರಲಿ.) 1977ರ ಮೊದಲ ‘ಸ್ಟಾರ್ ವಾರ್ಸ್’ ಚಿತ್ರದ ಪಾನಗೃಹದ ದೃಶ್ಯದಲ್ಲಿ ಹಿಂದೆ ನಿಂತು ಮರೆಯಾಗುವ ಒಂದು ಜೀವಿಯ ಬಗ್ಗೆ ಹುಡುಗಿಯೊಬ್ಬಳು, ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಚರ್ಮದ ಬಣ್ಣ, ಕಣ್ಣಿನ ಆಕಾರ, ನಿಂತ ಜಾಗ ಇಷ್ಟನ್ನು ಐದು ಸಾಲಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದಳು. ಪಟ್ಟಿ ಬಿತ್ತು. ಮುಂದಿನ ವಾರ ನೋಡಿದರೆ ಲೇಖನ ಹನ್ನೆರಡು ಸಾಲಾಗಿತ್ತು: ‘ಈ ಜೀವಿಗಳು ಸ್ವಭಾವತಃ ಶಾಂತಿಪ್ರಿಯರೆಂದು ತೋರುತ್ತದೆ’, ‘ಇವರು ಒಣಹವೆಗೆ ಹೊಂದಿಕೊಂಡಿರಬಹುದು’. ಇದೆಲ್ಲ ಎಲ್ಲಿಂದ ಬಂತಮ್ಮ ಎಂದು ಕೇಳಿದೆ. “ಚುಟುಕು ಪಟ್ಟಿ ತೆಗೀಬೇಕಿತ್ತಲ್ಲ ಸಾರ್” ಎಂದಳು.

ನಮ್ಮ ಮದ್ದೂರು, ಮಳವಳ್ಳಿ ಕಡೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಓದಿದವರಿಗೆ ಗೊತ್ತಿದೆ, ಕಲ್ಲು ಒಡೆದ ಕಡೆ ಸಂಪಾದಕರು ಚುಕ್ಕಿ ಇಟ್ಟು ಮುಂದೆ ಹೋಗುತ್ತಾರೆಯೇ ಹೊರತು ರಾಜನ ಬಿರುದುಗಳನ್ನು ತಾವೇ ಹೊಸೆದು ತುಂಬುವುದಿಲ್ಲ. ಅಲ್ಲಿ ಶಾಸನ ತ್ರುಟಿತ, ಪಾಠ ಪೂರ್ಣ. ‘ಸ್ಟಾರ್ ವಾರ್ಸ್’ನ ಯೋಡ ಎಂಬ ಪಾತ್ರದ ಕುಲಕ್ಕೂ ಇದೇ ಮಾತು ಹೊಂದುತ್ತದೆ. 1980ರಲ್ಲಿ ತೆರೆಗೆ ಬಂದ ಆ ಪಾತ್ರದ ಕುಲಕ್ಕೆ ಇಂದಿಗೂ ಹೆಸರಿಟ್ಟಿಲ್ಲ, ತವರು ಗ್ರಹವನ್ನೂ ತಿಳಿಸಿಲ್ಲ. ‘ತಿಳಿಸಿಲ್ಲ’ ಎಂದು ಬರೆದ ಲೇಖನ ಆ ಮಟ್ಟಿಗೆ ಪೂರ್ಣವೇ. ಆದರೆ 2019ರಲ್ಲಿ ಕಾಣಿಸಿಕೊಂಡ, ಐವತ್ತು ವರ್ಷವಾದರೂ ಕೂಸಾಗಿಯೇ ಇರುವ, ಅದೇ ಕುಲದ ಗ್ರೋಗುವಿನ ಪ್ರಸ್ತಾಪವಿಲ್ಲದಿದ್ದರೆ, ಅದು ಎಷ್ಟು ಉದ್ದವಿದ್ದರೂ ಅಪೂರ್ಣ. ಏಕೆಂದರೆ ಆ ಕುಲದವರು ಎಷ್ಟು ನಿಧಾನವಾಗಿ ಬೆಳೆಯುತ್ತಾರೆಂಬುದಕ್ಕೆ ಇರುವ ಕಣ್ಣಿಗೆ ಕಾಣುವ ಸಾಕ್ಷಿಯೇ ಆ ಕೂಸು.

ಪೂರ್ಣತೆಗೆ ತಾರೀಖೂ ಉಂಟು. ‘ಸ್ಟಾರ್ ಟ್ರೆಕ್’ನ ಕ್ಲಿಂಗನ್ನರು 1967ರಲ್ಲಿ ಮೊದಲು ಬಂದಾಗ ಅವರ ಹಣೆ ನಮ್ಮಂತೆಯೇ ನುಣುಪಾಗಿತ್ತು, 1979ರ ಚಿತ್ರದಲ್ಲಿ ಹಣೆಯ ಮೇಲೆ ಮೂಳೆಯ ಏಣುಗಳು ಮೂಡಿದವು. 1996ರ ಒಂದು ಕಂತಿನಲ್ಲಿ, ಈ ವಿಷಯವನ್ನು ಹೊರಗಿನವರೊಂದಿಗೆ ನಾವು ಮಾತಾಡುವುದಿಲ್ಲವೆಂದು ಕ್ಲಿಂಗನ್ ಪಾತ್ರವೇ ಹೇಳಿ ಜಾರಿಕೊಳ್ಳುತ್ತದೆ. 2005ರಲ್ಲಿ ವಂಶವಾಹಿ ಪ್ರಯೋಗದಿಂದ ಹುಟ್ಟಿದ ವೈರಸ್ಸಿನ ಕಥೆ ಕಟ್ಟಿ ಕಾರಣ ಕೊಡಲಾಯಿತು. ಹೀಗಾಗಿ ‘ಕಾರಣ ಹೇಳಿಲ್ಲ’ ಎಂಬ ವಾಕ್ಯ 2004ರಲ್ಲಿ ಸರಿಯಾಗಿತ್ತು, ಮರುವರ್ಷ ಕೊರತೆಯಾಯಿತು. ನಮ್ಮ ಹುಡುಗರ ಕ್ಲಿಂಗನ್ ಲೇಖನ ಮೂರು ಪುಟವಿದ್ದು, ಯುದ್ಧಗಳನ್ನೂ ಆಯುಧಗಳನ್ನೂ ಹೇಳಿ ಈ ಹಣೆಯ ಸಂಗತಿಯನ್ನೇ ಬಿಟ್ಟಿದೆ. ಉದ್ದವಿದೆಯೆಂದು ಅದಕ್ಕೆ ಯಾರೂ ಪಟ್ಟಿ ಹಚ್ಚಿಲ್ಲ.

ಹಾಗೆಂದು ಚಿಕ್ಕ ಲೇಖನಗಳನ್ನೆಲ್ಲ ಕಣ್ಣುಮುಚ್ಚಿ ಪೂರ್ಣವೆನ್ನಲೂ ಬಾರದು. ಅದೇ ಪಾನಗೃಹದಲ್ಲಿ ಕೂತಿದ್ದ, ಆಟಿಕೆಯ ಪೊಟ್ಟಣದ ಮೇಲೆ ಬರೀ ‘ಹ್ಯಾಮರ್‌ಹೆಡ್’ ಎಂದು ಅಚ್ಚಾಗಿದ್ದ ಸುತ್ತಿಗೆ ತಲೆಯವನಿಗೆ ನಂತರದ ಕೃತಿಗಳಲ್ಲಿ ಇಥೋರಿಯನ್ ಎಂಬ ಕುಲನಾಮವೂ ಒಂದು ಗ್ರಹವೂ ದೊರೆತವು. ಮೊದಲ ಚಿತ್ರವನ್ನಷ್ಟೇ ನೋಡಿ ಬರೆದವರಿಗೆ ಅದು ತಪ್ಪಿಹೋಗುತ್ತದೆ. ಸಾಲು ಎಣಿಸುವ ಬದಲು ಮೂಲ ಕೃತಿಗಳನ್ನು ಹುಡುಕುವುದೇ ಇಲ್ಲಿನ ಶ್ರಮದ ಕೆಲಸ.

ಪಟ್ಟಿ ಹಚ್ಚುವವರು ಏನು ಬಿಟ್ಟುಹೋಗಿದೆಯೆಂದು ಒಂದು ವಾಕ್ಯ ಬರೆದೇ ಹಚ್ಚಬೇಕೆಂಬುದು ನನ್ನ ಕೋರಿಕೆ. ‘2005ರ ವಿವರಣೆ ಸೇರಿಲ್ಲ’ ಎಂದರೆ ಸೇರಿಸಲು ಯಾರಾದರೂ ಮುಂದೆ ಬಂದಾರು. ಬರೀ ‘ಚುಟುಕು’ ಎಂದರೆ ಶಾಂತಿಪ್ರಿಯರು ಹುಟ್ಟಿಕೊಳ್ಳುತ್ತಾರೆ. ಆ ಹುಡುಗಿ ಈಗ ಏಳು ಸಾಲು ಅಳಿಸಿ, ‘ಕುಲದ ಹೆಸರನ್ನು ಚಿತ್ರದಲ್ಲಿ ಹೇಳಿಲ್ಲ, ನಂತರದ ಪುಸ್ತಕಗಳನ್ನು ನೋಡಬೇಕಿದೆ’ ಎಂದು ಆರನೆಯ ಸಾಲು ಸೇರಿಸಿದ್ದಾಳೆ. ಪಟ್ಟಿ ಇನ್ನೂ ಹಾಗೇ ಇದೆ. ಈ ಭಾನುವಾರ ಅದರ ಮೇಲೆ ಚರ್ಚೆ.

— ನಿವೃತ್ತ ಕನ್ನಡ ಉಪನ್ಯಾಸಕ,
ಸುಭಾಷ್ ನಗರ, ಮಂಡ್ಯ