ಹಗಲು ಹೊತ್ತಿನಲ್ಲಿ ತೆಗೆದ ದೆವ್ವಗಳು

ಪ್ರೀತಿಯ ಪುಟ್ಟಿ,

ಕಾಲೇಜಿನ ಫಿಲ್ಮ್ ಕ್ಲಬ್ಬಿನಲ್ಲಿ ಹಳೇ ದೆವ್ವದ ಸಿನಿಮಾಗಳನ್ನು ಹಾಕುತ್ತೀವಿ, ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ಯಾವ ಚಿತ್ರ ಅನ್ನುವುದು ಆಮೇಲೆ, ಯಾವ ಪ್ರತಿ ಅನ್ನುವುದು ಮೊದಲು. ಇವನ್ನು ನೋಡಿ ಜನ ನಗುವುದು ಚಿತ್ರ ಹಳೆಯದು ಅಂತ ಅಲ್ಲ. ವೇಗ ತಪ್ಪಿದ, ಬಣ್ಣ ಕಳೆದುಕೊಂಡ ಪ್ರತಿಯನ್ನು ನೋಡುತ್ತಿರುತ್ತಾರೆ, ಅದಕ್ಕೆ ನಗು ಬರುತ್ತದೆ.

1922ರಲ್ಲಿ ಎಫ್. ಡಬ್ಲ್ಯು. ಮುರ್ನೌ ಜರ್ಮನಿಯಲ್ಲಿ ತೆಗೆದ 'ನೋಸ್ಫೆರಾಟು' ನಿನ್ನ ಮುಖ್ಯ ಚಿತ್ರವಾಗಲಿ. ಆಗಿನ ಫಿಲ್ಮಿಗೆ ಬಹಳ ಬೆಳಕು ಬೇಕಿತ್ತು. ರಾತ್ರಿ ಬೀದಿಯಲ್ಲಿ ಕ್ಯಾಮೆರಾ ನಿಲ್ಲಿಸಿದರೆ ಏನೂ ಮೂಡುತ್ತಿರಲಿಲ್ಲ. ಆದ್ದರಿಂದ ಹೊರಾಂಗಣದ ರಾತ್ರಿಗಳನ್ನೆಲ್ಲ ಹಗಲಲ್ಲೇ ತೆಗೆದು, ಪ್ರಿಂಟಿನ ಆ ತುಂಡನ್ನು ಬಣ್ಣದ ದ್ರಾವಣದಲ್ಲಿ ಅದ್ದುತ್ತಿದ್ದರು. ನೀಲಿ ಇದ್ದರೆ ರಾತ್ರಿ, ಹಳದಿ ಇದ್ದರೆ ದೀಪ ಹಚ್ಚಿದ ಕೋಣೆ, ಗುಲಾಬಿ ಇದ್ದರೆ ಬೆಳಗಿನ ಜಾವ. ಅಂದಿನ ಪ್ರೇಕ್ಷಕರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಬಣ್ಣ ಇರುತ್ತಿದ್ದದ್ದು ಪ್ರಿಂಟಿನಲ್ಲಿ ಮಾತ್ರ, ನೆಗೆಟಿವ್ ಬರೀ ಕಪ್ಪುಬಿಳುಪು. ಮುಂದೆ ಅಂಥ ಪ್ರಿಂಟನ್ನು ಕಪ್ಪುಬಿಳುಪು ಫಿಲ್ಮಿಗೆ ನಕಲು ಮಾಡಿದಾಗ ರಾತ್ರಿಯೇ ಅಳಿಸಿಹೋಯಿತು. ಆ ನಕಲುಗಳಲ್ಲಿ ಚಿತ್ರದ ರಕ್ತಪಿಶಾಚಿ ಕೌಂಟ್ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ಹಿಡಿದುಕೊಂಡು ಬೆಳ್ಳಂಬೆಳಕಿನಲ್ಲಿ ಊರೊಳಗೆ ನಡೆದು ಬರುತ್ತಾನೆ. ಇದು ಸಣ್ಣ ಲೋಪವಲ್ಲ, ಕಥೆಯನ್ನೇ ಕೆಡಿಸುತ್ತದೆ. ಈ ಚಿತ್ರಕ್ಕೆ ಮೂಲವಾದ ಬ್ರಾಮ್ ಸ್ಟೋಕರ್‌ನ 1897ರ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಬಿಸಿಲು ತಾಗಿದರೆ ರಕ್ತಪಿಶಾಚಿ ಸಾಯುತ್ತದೆ ಅನ್ನುವ ನಿಯಮವನ್ನು ಸಿನಿಮಾಕ್ಕೆ ತಂದದ್ದೇ ಈ ಚಿತ್ರ. ಅಂಥ ಚಿತ್ರದಲ್ಲೇ ಹಗಲು ಯಾವುದು, ರಾತ್ರಿ ಯಾವುದು ಗೊತ್ತಾಗದಿದ್ದರೆ ಕೊನೆಯ ದೃಶ್ಯಕ್ಕೆ ಅರ್ಥವೇ ಇಲ್ಲ.

ಫೈಲು ಸಿಕ್ಕಿದ ತಕ್ಷಣ ಅದರ ಅವಧಿ ನೋಡು. ಚಿತ್ರದ ಮೂಲ ಉದ್ದ 1,967 ಮೀಟರ್. 35 ಎಂ.ಎಂ. ಫಿಲ್ಮಿನಲ್ಲಿ ಅಡಿಗೆ 16 ಫ್ರೇಮು, ಮೀಟರಿಗೆ 52ಕ್ಕೆ ಸ್ವಲ್ಪ ಮೇಲೆ. ಸೆಕೆಂಡಿಗೆ 18 ಫ್ರೇಮಿನಂತೆ ಓಡಿಸಿದರೆ ಹೆಚ್ಚುಕಮ್ಮಿ 95 ನಿಮಿಷ ಬರುತ್ತದೆ. ಟಾಕಿ ಕಾಲದ 24ರ ವೇಗದಲ್ಲಿ 72 ನಿಮಿಷಕ್ಕೇ ಮುಗಿಯುತ್ತದೆ, ಎಲ್ಲರೂ ಗಡಿಬಿಡಿಯಿಂದ ಕುಣಿದ ಹಾಗೆ ನಡೆಯುತ್ತಾರೆ. ಓರ್ಲಾಕ್ ಹೆದರಿಸುವುದೇ ನಿಧಾನದಿಂದ. ಆ ನಿಧಾನ ಹೋದರೆ ಓರ್ಲಾಕ್ ಪಾತ್ರದ ನಟ ಮ್ಯಾಕ್ಸ್ ಶ್ರೆಕ್ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಹಾಗಾಗಿ 90 ನಿಮಿಷ ದಾಟಿದ, ಬಣ್ಣ ಇರುವ, ಜರ್ಮನಿಯ ಮುರ್ನೌ ಫೌಂಡೇಶನ್‌ನ ಪುನರುಜ್ಜೀವಿತ ಪ್ರತಿಯನ್ನೇ ಹಾಕು. ಪ್ಯಾರಿಸಿನಲ್ಲಿ ಉಳಿದಿದ್ದ ಬಣ್ಣದ ಪ್ರಿಂಟೇ ಅದಕ್ಕೆ ಆಧಾರ. ಚಿತ್ರ ತೆಗೆದವರು ಅನುಮತಿ ಪಡೆಯದೆ ಕಾದಂಬರಿಯನ್ನು ಬಳಸಿಕೊಂಡಿದ್ದರಿಂದ ಸ್ಟೋಕರ್‌ನ ಹೆಂಡತಿ ಫ್ಲಾರೆನ್ಸ್ ಮೊಕದ್ದಮೆ ಹೂಡಿದ್ದಳು. 1925ರಲ್ಲಿ ನೆಗೆಟಿವ್ ಮತ್ತು ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು ಆದೇಶವಾಯಿತು. ಆ ಹೊತ್ತಿಗೆ ಕೆಲವು ಪ್ರಿಂಟುಗಳು ಬೇರೆ ದೇಶ ಸೇರಿದ್ದವು, ಅದರಿಂದ ಚಿತ್ರ ಉಳಿಯಿತು.

ಮುಖ್ಯ ಚಿತ್ರಕ್ಕೆ ಮೊದಲು ಎರಡು ತುಣುಕು ತೋರಿಸು. 1895ರಲ್ಲಿ ಎಡಿಸನ್ ಕಂಪನಿಗೆ ಆಲ್ಫ್ರೆಡ್ ಕ್ಲಾರ್ಕ್ ತೆಗೆದ, ಸ್ಕಾಟ್ಲೆಂಡಿನ ರಾಣಿ ಮೇರಿಯ ಶಿರಚ್ಛೇದ ಅರ್ಧ ನಿಮಿಷವೂ ಇಲ್ಲ. ಕೊಡಲಿ ಮೇಲೆತ್ತಿದಾಗ ಕ್ಯಾಮೆರಾ ನಿಲ್ಲಿಸಿದರು, ರಾಣಿಯ ವೇಷದ ನಟನನ್ನು ಎಬ್ಬಿಸಿ ಗೊಂಬೆ ಇಟ್ಟರು, ಮತ್ತೆ ಚಾಲೂ ಮಾಡಿದರು. ಮರುವರ್ಷ ಪ್ಯಾರಿಸ್ ಪಕ್ಕದ ಮೊಂತ್ರೈನಲ್ಲಿ ಜಾದೂಗಾರ ಜಾರ್ಜ್ ಮೆಲಿಯೆ ತೆಗೆದ 'ಸೈತಾನನ ಬಂಗಲೆ' ಮೂರು ನಿಮಿಷದ್ದು. ಬಾವಲಿ ಸೈತಾನನಾಗುತ್ತದೆ, ಅಸ್ಥಿಪಂಜರ ಬಾವಲಿಯಾಗುತ್ತದೆ, ಕೊನೆಗೆ ಶಿಲುಬೆ ಕಂಡು ಸೈತಾನ ಮಾಯವಾಗುತ್ತಾನೆ. ಹೆದರಿಸುವುದಕ್ಕಿಂತ ಬೆರಗುಗೊಳಿಸುವುದೇ ಅವನ ಉದ್ದೇಶವಾಗಿತ್ತು ಎಂದು ನನಗನ್ನಿಸುತ್ತದೆ.

ಕ್ಯಾಮೆರಾ ನಿಲ್ಲಿಸಿದರೆ ಸಾಕು ಅಂತ ಎಷ್ಟೋ ಜನ ಬರೆಯುತ್ತಾರೆ, ಸಾಲದು. ಕೈಯಿಂದ ತಿರುಗಿಸುವ ಕ್ಯಾಮೆರಾ ನಿಲ್ಲುವಾಗ ಮೊದಲು ನಿಧಾನವಾಗುತ್ತದೆ. ಆ ಕೆಲವು ಫ್ರೇಮುಗಳಿಗೆ ಬೆಳಕು ಹೆಚ್ಚು ಬಿದ್ದು ಬೆಳ್ಳಗಾಗುತ್ತವೆ, ಮತ್ತೆ ಹೊರಡುವಾಗಲೂ ಅದೇ ಪಾಡು. ಅವನ್ನು ಕತ್ತರಿಸಿ, ಎರಡು ತುದಿಗಳನ್ನು ಅಂಟಿನಿಂದ ಕೂಡಿಸಿದ ಮೇಲೆಯೇ ಮೆಲಿಯೆಯ ಮಾಯ ಕಣ್ಣಿಗೆ ಗೊತ್ತಾಗದ ಹಾಗೆ ಆಗುತ್ತಿದ್ದದ್ದು. ನೀವು ಮೊಬೈಲಿನಲ್ಲಿ ಮಾಡಿ ನೋಡುವುದಾದರೆ ರೆಕಾರ್ಡಿಂಗ್ ನಿಲ್ಲಿಸಲೇಬೇಡಿ, ಗುಂಡಿ ಒತ್ತುವಾಗ ಫೋನು ಅಲುಗುತ್ತದೆ. ಟ್ರೈಪಾಡ್ ಕಾಲಿಗೆ ಭಾರ ಕಟ್ಟಿ, ಎಕ್ಸ್‌ಪೋಷರ್ ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಿ, ನಟನ ಪಾದದ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ. ಆಮೇಲೆ ಎಡಿಟ್ ಮಾಡುವಾಗ, ಕೈ ಇನ್ನೂ ಚಲಿಸುತ್ತಿರುವಾಗಲೇ ಕತ್ತರಿಸಿ, ನಿಂತ ಮೇಲೆ ಕತ್ತರಿಸಿದರೆ ಜಿಗಿತ ಎದ್ದು ಕಾಣುತ್ತದೆ. ಮೋಡ ಬಂದು ಬೆಳಕು ಬದಲಾದರೆ ಮೊದಲಿನಿಂದ ಮಾಡಬೇಕು, ಬೇರೆ ದಾರಿಯಿಲ್ಲ.

1910ರ ಎಡಿಸನ್ ಕಂಪನಿಯ 'ಫ್ರಾಂಕೆನ್‌ಸ್ಟೈನ್' ಕೂಡ ಚಿಕ್ಕದು, ಸಮಯವಿದ್ದರೆ ಸೇರಿಸು. ಕಡಾಯಿಯಲ್ಲಿ ರಾಕ್ಷಸ ಹುಟ್ಟುವ ದೃಶ್ಯಕ್ಕೆ ಗೊಂಬೆಯೊಂದನ್ನು ಸುಟ್ಟು, ಅದನ್ನು ಹಿಂದುಮುಂದಾಗಿ ಓಡಿಸಿದ್ದಾರೆ. ಬೂದಿಯಿಂದ ಮೂಳೆ, ಮೂಳೆಯ ಮೇಲೆ ಮಾಂಸ. ಹೊಗೆ ಮೇಲೇಳುವ ಬದಲು ಒಳಗೆ ಸೇರಿಕೊಳ್ಳುವುದನ್ನು ಗಮನಿಸು.

ಪಾರದರ್ಶಕ ದೆವ್ವ ಇನ್ನೂ ಕಷ್ಟದ ಕೆಲಸ. ಸ್ವೀಡನ್ನಿನ ವಿಕ್ಟರ್ ಶೋಸ್ಟ್ರಾಮ್‌ನ 1921ರ 'ಶೊರ್‌ಕಾರ್ಲೆನ್', ಅಂದರೆ ಸಾವಿನ ಗಾಡಿ ಹೊಡೆಯುವವನ ಚಿತ್ರದಲ್ಲಿ, ಛಾಯಾಗ್ರಾಹಕ ಜೂಲಿಯಸ್ ಯಾನ್ಜೋನ್ ಇದನ್ನೆಲ್ಲ ಕ್ಯಾಮೆರಾದೊಳಗೇ ಮಾಡಿದ. ಕ್ರಮ ಹೀಗೆ. ಹಿಡಿಕೆಯ ಒಂದು ಸುತ್ತಿಗೆ 8 ಫ್ರೇಮು, ಸೆಕೆಂಡಿಗೆ ಎರಡು ಸುತ್ತು. ಹತ್ತು ಸೆಕೆಂಡಿನ ದೃಶ್ಯವಾದರೆ ಕೋಣೆಯನ್ನು ಮೊದಲು 20 ಸುತ್ತು ತೆಗೆಯಬೇಕು. ಲೆನ್ಸ್ ಮುಚ್ಚಿ ಫಿಲ್ಮನ್ನು ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಬೇಕು. ಆಮೇಲೆ ಕಪ್ಪು ಬಟ್ಟೆಯ ಮುಂದೆ ದೆವ್ವದ ನಟನನ್ನು ನಿಲ್ಲಿಸಿ ಅದೇ ಫಿಲ್ಮಿನ ಮೇಲೆ ಇನ್ನೊಮ್ಮೆ 20 ಸುತ್ತು. ಕಪ್ಪು ಬಟ್ಟೆಯಿಂದ ಬೆಳಕು ಬರುವುದಿಲ್ಲ, ಆದ್ದರಿಂದ ಅಲ್ಲಿ ಹಳೇ ಕೋಣೆ ಹಾಗೇ ಉಳಿಯುತ್ತದೆ. ಕೋಣೆಯ ಗೋಡೆ ಬಿಳಿಯಾಗಿದ್ದರೆ ಕೆಲಸ ಕೆಟ್ಟಿತು. ಬೆಳಕು ಕುಡಿದು ತುಂಬಿದ ಜಾಗದಲ್ಲಿ ದೆವ್ವ ಮೂಡುವುದಿಲ್ಲ. ಅದಕ್ಕೇ ಈ ಚಿತ್ರಗಳ ದೆವ್ವಗಳು ಕತ್ತಲ ಮೂಲೆಗಳಲ್ಲಿ ಓಡಾಡುತ್ತವೆ. ಸುತ್ತಿನ ಲೆಕ್ಕ ಒಂದು ತಪ್ಪಿದರೂ ದೆವ್ವ ಬಾಗಿಲು ತೆರೆಯುವ ಮೊದಲೇ ಒಳಗಿರುತ್ತದೆ, ಹಿಂದಿನ ಶ್ರಮವೂ ಹೋಗುತ್ತದೆ. ಇಂಥದ್ದನ್ನು ನಾಲ್ಕು ಪದರದವರೆಗೂ ಮಾಡಿದ್ದಾರೆ. ನನ್ನ ಮಟ್ಟಿಗೆ ಆ ಕಾಲದ ಕ್ಯಾಮೆರಾ ಕೆಲಸದಲ್ಲಿ ಇದಕ್ಕಿಂತ ಮೇಲಿನದು ಇಲ್ಲ.

ಜರ್ಮನಿಯದೇ ಆದ 'ಕಾಲಿಗಾರಿ' (1920) ಚಿತ್ರದ ಬಗ್ಗೆ ನಿನಗೆ ಗೊತ್ತೇ ಇದೆ. ಒಂದು ಮಾತು ಮಾತ್ರ. ಅಲ್ಲಿನ ನೆರಳುಗಳನ್ನು ಹರ್ಮನ್ ವಾರ್ಮ್, ವಾಲ್ಟರ್ ರೈಮನ್, ವಾಲ್ಟರ್ ರೋರಿಗ್ ಬಟ್ಟೆಯ ಮೇಲೆ ಬಣ್ಣದಿಂದ ಬರೆದರು. ಬರೆದ ನೆರಳು ಎಡಕ್ಕೆ, ದೀಪದ ನೆರಳು ಬಲಕ್ಕೆ ಬಿದ್ದರೆ ಸೆಟ್ಟು ಬರೀ ಪರದೆಯೆಂದು ಬಯಲಾಗುತ್ತದೆ. ಆದ್ದರಿಂದ ಅಂಥ ಸೆಟ್ಟಿಗೆ ಸಮನಾದ ಬೆಳಕು ಬೇಕು. ಜಪಾನಿನ ಕಿನುಗಾಸಾ ತೆಗೆದ 'ಹುಚ್ಚಿನ ಒಂದು ಪುಟ' (1926) ಹಾಕುವುದಾದರೆ ಪ್ರೇಕ್ಷಕರಿಗೆ ಮೊದಲೇ ಕಥೆ ಹೇಳಿಬಿಡು. ಅದರಲ್ಲಿ ನಡುಬರಹಗಳೇ, ಅಂದರೆ ದೃಶ್ಯಗಳ ನಡುವೆ ಮಾತು, ಕಥೆ ತಿಳಿಸುವ ಬರಹಗಳೇ ಇಲ್ಲ. ಆಗ ಪರದೆಯ ಪಕ್ಕ ನಿಂತು ಕಥೆ ಹೇಳುವ ಬೆನ್ಶಿ ಇರುತ್ತಿದ್ದ.

ಈ ಜರ್ಮನ್ ಕತ್ತಲೆ ನಮ್ಮ ದೇಶಕ್ಕೂ ಬಂದಿದೆ. ಮ್ಯೂನಿಕ್‌ನ ಯೋಸೆಫ್ ವಿರ್ಶಿಂಗ್ ಬಾಂಬೆ ಟಾಕೀಸಿನ ಛಾಯಾಗ್ರಾಹಕನಾದ. 1949ರ ಹಿಂದಿ 'ಮಹಲ್'ನ ಉಯ್ಯಾಲೆ, ಕಂಬಗಳು, ಕಾರಿಡಾರುಗಳನ್ನು ಚಿತ್ರಿಸಿದವನು ಅವನೇ. 'ನೋಸ್ಫೆರಾಟು' ಹಾಕಿದ ಮರುವಾರ ಅದನ್ನು ಹಾಕಿದರೆ ನಿಮ್ಮವರು ತಾವೇ ನಂಟು ಹಿಡಿಯುತ್ತಾರೆ.

ಕೊನೆಯಲ್ಲಿ ವೇದಿಕೆಯ ಮೇಲೆ ಮಾಡಿ ತೋರಿಸಲು ಒಂದು ಪ್ರಯೋಗ ಬೇಕು ಅಂದಿದ್ದೆಯಲ್ಲ, 1931ರ 'ಡಾ. ಜೆಕಿಲ್ ಅಂಡ್ ಮಿ. ಹೈಡ್'ನದು ಮಾಡು. ಸಜ್ಜನ ಜೆಕಿಲ್ ದುಷ್ಟ ಹೈಡ್ ಆಗುವಾಗ ನಟ ಫ್ರೆಡ್ರಿಕ್ ಮಾರ್ಚ್‌ನ ಮುಖ ಒಂದೇ ಶಾಟಿನಲ್ಲಿ, ಕಟ್ ಇಲ್ಲದೆ, ಕಪ್ಪಾಗಿ ಗೆರೆಗೆರೆಯಾಗುತ್ತದೆ. ಛಾಯಾಗ್ರಾಹಕ ಕಾರ್ಲ್ ಸ್ಟ್ರಸ್ ಮುಖದ ಮೇಲೆ ಕೆಂಪು ಮೇಕಪ್ ಬರೆಸಿ, ಲೆನ್ಸಿನ ಮುಂದೆ ಬಣ್ಣದ ಫಿಲ್ಟರ್ ಜರುಗಿಸಿದ. ಕೆಂಪು ಫಿಲ್ಟರಿನಲ್ಲಿ ಚರ್ಮವೂ ಬೆಳ್ಳಗೆ, ಕೆಂಪು ಗೆರೆಯೂ ಬೆಳ್ಳಗೆ. ಹಸಿರು ಬಂದಾಗ ಗೆರೆ ಕಪ್ಪಾಗಿ ಮೇಲೇಳುತ್ತದೆ. ಕೆಂಪನ್ನು ಕಾಣದ ಹಳೇ ಫಿಲ್ಮಿನಲ್ಲಿ ಇದು ಆಗುತ್ತಿರಲಿಲ್ಲ, ಎಲ್ಲ ಬಣ್ಣವನ್ನೂ ಹಿಡಿಯುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಬಂದ ಮೇಲೆ ಆಯಿತು. ನೀವು ಬಣ್ಣ ಬದಲಾಗುವ ಬಲ್ಬು ತನ್ನಿ, ಕೋಣೆಯನ್ನು ಪೂರ್ತಿ ಕತ್ತಲು ಮಾಡಿ, ಕ್ಯಾಮೆರಾವನ್ನು ಕಪ್ಪುಬಿಳುಪಿಗೆ ಹಾಕಿ. ಕಣ್ಣಿನ ಕೆಳಗೆ, ಕೆನ್ನೆಯ ಗುಳಿಗೆ ಅಪ್ಪಟ ಕೆಂಪು ಫೇಸ್ ಪೇಂಟ್ ಹಚ್ಚಿ. ಮರೂನ್ ಲಿಪ್‌ಸ್ಟಿಕ್ ಆಗದು, ಅದು ಕೆಂಪು ಬೆಳಕಿನಲ್ಲೂ ಕಪ್ಪಾಗಿ ಕಾಣುತ್ತದೆ. ಕೆಂಪಿನಿಂದ ಹಸಿರಿಗೆ ಮೂರು ನಾಲ್ಕು ಸೆಕೆಂಡಿನಲ್ಲಿ ತಿರುಗಿಸಿ, ಥಟ್ಟನೆ ಬದಲಾಯಿಸಬೇಡಿ. ಎಕ್ಸ್‌ಪೋಷರ್ ಲಾಕ್ ಇಲ್ಲದಿದ್ದರೆ ಫೋನು ತಾನೇ ಬೆಳಕು ಸರಿಪಡಿಸಿ ಎಲ್ಲ ಹಾಳು ಮಾಡುತ್ತದೆ. ಹುಡುಗರಿಗೆ ಬಣ್ಣ ಹಚ್ಚುವ ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ, ಮರುದಿನ ತುರಿಕೆ ಬಂದಿಲ್ಲ ಅಂತ ನೋಡಿಕೊಂಡು ಮುಂದುವರಿ.

ಇಂತಿ ನಿನ್ನ,
ಅಮ್ಮ